ಪರದೆಯ ಗೆರೆ, ಹಲಗೆಯ ಗೆರೆ: ವಿ-ಕಾರ್ವ್ ತಂತ್ರಾಂಶದಲ್ಲಿ ವೆಕ್ಟರ್ ಚಿತ್ರಗಳ ಇಂಪೋರ್ಟ್

ಕಂಪ್ಯೂಟರ್ ನಿಯಂತ್ರಿತ ಮರಗೆತ್ತನೆ ಯಂತ್ರಗಳ ತಂತ್ರಾಂಶಗಳನ್ನು ವಿಮರ್ಶಿಸುವವರು ಟೂಲ್‌ಪಾತ್‌ಗಳ (ಕೆತ್ತುವ ಮೊನೆ ನಡೆಯುವ ದಾರಿಗಳ) ಬಗೆ, ಮೂರು ಆಯಾಮದ ಮುನ್ನೋಟ, ಬಿಟ್‌ಗಳ (ತಿರುಗುತ್ತ ಮರ ಕೆತ್ತುವ ಮೊನೆಗಳ) ಪಟ್ಟಿ ಇವುಗಳ ಬಗ್ಗೆ ವಿವರವಾಗಿ ಬರೆಯುತ್ತಾರೆ. ಬೇರೆಡೆ ಬರೆದ ವೆಕ್ಟರ್ ಚಿತ್ರವನ್ನು, ಎಂದರೆ ಚುಕ್ಕೆಗಳಿಂದಲ್ಲದೆ ಗೆರೆಗಳಿಂದ ಕಟ್ಟಿದ ಚಿತ್ರವನ್ನು, ಆ ತಂತ್ರಾಂಶ ಹೇಗೆ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬ ವಿಷಯಕ್ಕೆ ಒಂದು ಸಾಲು ಸಿಕ್ಕರೆ ದೊಡ್ಡದು. ಆದರೆ ನನ್ನ ಕೈಯಲ್ಲಿ ಹಾಳಾದ ಹಲಗೆಗಳಲ್ಲಿ ಹೆಚ್ಚಿನವು ಕೆಟ್ಟದ್ದು ಬಿಟ್ ಮರವನ್ನು ಮುಟ್ಟಿದ ಗಳಿಗೆಯಲ್ಲಲ್ಲ, ಇಂಪೋರ್ಟ್ ಗುಂಡಿಯನ್ನು ಒತ್ತಿದ ಗಳಿಗೆಯಲ್ಲಿ. ಆದ್ದರಿಂದ ವೆಕ್ಟ್ರಿಕ್ ಸಂಸ್ಥೆಯ ವಿ-ಕಾರ್ವ್ ತಂತ್ರಾಂಶವನ್ನು ಈ ಬರಹದಲ್ಲಿ ಆ ಒಂದೇ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಹೆಸರಿನ ನಡುವಿನ ಅಡ್ಡಗೆರೆಯನ್ನು ಬೇಕೆಂದೇ ಹಾಕಿದ್ದೇನೆ. ಕೂಡಿಸಿ ಬರೆದರೆ ಕನ್ನಡದಲ್ಲಿ ಅದು ‘ವಿಕಾರ’ದ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ, ಅದು ಈ ತಂತ್ರಾಂಶಕ್ಕೆ ಮಾಡುವ ಅನ್ಯಾಯ.

ವೆಕ್ಟ್ರಿಕ್ ಬ್ರಿಟನ್ನಿನ ಸಂಸ್ಥೆ. ವಿ-ಕಾರ್ವ್ ವಿಂಡೋಸ್‌ಗಾಗಿ ಬರೆದ ತಂತ್ರಾಂಶವಾಗಿದ್ದು, ಡೆಸ್ಕ್‌ಟಾಪ್ ಮತ್ತು ಪ್ರೊ ಎಂಬ ಎರಡು ಆವೃತ್ತಿಗಳಲ್ಲಿ ದೊರೆಯುತ್ತದೆ. ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಕೆಲಸದ ಅಳತೆಗೆ 25 ಇಂಚು ಅಗಲ, 25 ಇಂಚು ಉದ್ದದ ಮಿತಿ ಇದೆ, ಎಂದರೆ 635 ಮಿಲಿಮೀಟರ್. ಪ್ರೊ ಆವೃತ್ತಿಗೆ ಆ ಮಿತಿ ಇಲ್ಲ. ಚಿತ್ರವನ್ನು ಒಳಗೆ ತರುವ ವಿಷಯದಲ್ಲಿ ಮಾತ್ರ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ. ಡಿಎಕ್ಸ್‌ಎಫ್, ಡಿಡಬ್ಲ್ಯುಜಿ, ಎಸ್‌ವಿಜಿ, ಇಪಿಎಸ್, ಎಐ, ಪಿಡಿಎಫ್ ಈ ಎಲ್ಲ ಬಗೆಯ ಕಡತಗಳನ್ನೂ ಅದು ಸ್ವೀಕರಿಸುತ್ತದೆ. ಪಟ್ಟಿ ಉದ್ದವಾಗಿದೆ ಎಂಬುದು ನಿಜವಾದರೂ, ಬೇರೆ ಬೇರೆ ಬಗೆಯ ಕಡತಗಳಿಂದ ಬಂದ ಒಂದೇ ಚಿತ್ರ ಬೇರೆ ಬೇರೆ ರೂಪದಲ್ಲಿ ಬಂದು ಕೂರುತ್ತದೆ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ.

ಮೊದಲು ಒಂದು ಮೂಲಭೂತ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಚಿತ್ರ ಬರೆಯುವ ತಂತ್ರಾಂಶದಲ್ಲಿ ಗೆರೆಗೆ ದಪ್ಪವಿದೆ, ಬಣ್ಣವಿದೆ, ಒಂದರ ಮೇಲೊಂದು ಮುಚ್ಚಿಕೊಳ್ಳುವ ಕ್ರಮವಿದೆ. ಕೆತ್ತನೆಯ ತಂತ್ರಾಂಶಕ್ಕೆ ಇವು ಯಾವುವೂ ಬೇಡ. ಅದಕ್ಕೆ ಬೇಕಾಗಿರುವುದು ಬಿಟ್ ನಡೆಯಬೇಕಾದ ದಾರಿಯನ್ನು ಲೆಕ್ಕ ಹಾಕಲು ಬೇಕಾದ, ದಪ್ಪವೇ ಇಲ್ಲದ ಗೆರೆ ಮಾತ್ರ. ನಾನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದ ಒಂದು ಬಳ್ಳಿಯ ಅಂಚಿನಲ್ಲಿ ಕಾಂಡವನ್ನು 6 ಮಿಲಿಮೀಟರ್ ದಪ್ಪದ ಗೆರೆಯಾಗಿ ಎಳೆದಿದ್ದೆ. ವಿ-ಕಾರ್ವ್‌ನಲ್ಲಿ ಅದು ಕೂದಲೆಳೆಯಂತೆ ಒಂಟಿ ಗೆರೆಯಾಗಿ ಬಂದಿತು. ಇದು ತಂತ್ರಾಂಶದ ತಪ್ಪಲ್ಲ, ಅದರ ಸ್ವಭಾವ. ಇಂಕ್‌ಸ್ಕೇಪ್‌ನಲ್ಲಿ ‘ಸ್ಟ್ರೋಕ್ ಟು ಪಾತ್’ ಎಂಬ ಆಜ್ಞೆಯಿಂದ ಆ ದಪ್ಪ ಗೆರೆಯನ್ನು ಎರಡು ಅಂಚುಗಳುಳ್ಳ ಆಕೃತಿಯಾಗಿ ಪರಿವರ್ತಿಸಿ, ಕಾಂಡವೂ ಎಲೆಗಳೂ ಸೇರುವಲ್ಲಿ ‘ಯೂನಿಯನ್’ ಮಾಡಿ ಮತ್ತೆ ತಂದ ಮೇಲೆ ಬಳ್ಳಿ ಬಳ್ಳಿಯಾಗಿಯೇ ಬಂದಿತು. ಹಾಗೆಯೇ, ಬಿಳಿ ಬಣ್ಣದ ಆಕೃತಿಯೊಂದನ್ನು ಮೇಲಿಟ್ಟು ಕೆಳಗಿನ ಗೆರೆಯನ್ನು ಮರೆಮಾಡುವ ಅಭ್ಯಾಸ ಚಿತ್ರಕಾರರಲ್ಲಿ ಸಾಮಾನ್ಯ. ಕೆತ್ತನೆಗೆ ಬಂದಾಗ ಮರೆಯಾಗಿದ್ದ ಗೆರೆ, ಮರೆ ಮಾಡಿದ ಗೆರೆ ಎರಡೂ ಪಕ್ಕಪಕ್ಕದಲ್ಲಿ ಎದ್ದು ನಿಲ್ಲುತ್ತವೆ. ಬಣ್ಣವನ್ನು ನಂಬಿ ಬರೆದ ಚಿತ್ರ ಮರದ ಮೇಲೆ ಬಾಳುವುದಿಲ್ಲ.

ಇನ್ನು ಅಳತೆಯ ವಿಷಯ. ಅತ್ಯಂತ ಹೆಚ್ಚು ಗೊಂದಲ ಇರುವುದು ಇಲ್ಲಿ, ಮತ್ತು ಗೊಂದಲಕ್ಕೆ ಕಾರಣ ಎಸ್‌ವಿಜಿ ಕಡತದ ಇತಿಹಾಸದಲ್ಲಿಯೇ ಇದೆ. 2001ರಲ್ಲಿ ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಮಾನ್ಯ ಮಾಡಿದ ಈ ಮಾದರಿ ಹುಟ್ಟಿದ್ದು ಅಂತರ್ಜಾಲದ ಪುಟಗಳಿಗಾಗಿ. ಅಲ್ಲಿ ಪಿಕ್ಸೆಲ್ ಎಂದರೆ ಸಾಕು, ಮಿಲಿಮೀಟರ್ ಕೇಳುವವರಿರಲಿಲ್ಲ. ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಪ್ರಶ್ನೆಗೆ ಇಂದು ಅಂತರ್ಜಾಲದ ಮಾನದಂಡ 96 ಎಂದು ಉತ್ತರಿಸುತ್ತದೆ. ಅಡೋಬ್ ಇಲ್ಲಸ್ಟ್ರೇಟರ್ ಮುದ್ರಣದ ರೂಢಿಯಂತೆ 72 ಎಂದು ಎಣಿಸುತ್ತದೆ. ಇಂಕ್‌ಸ್ಕೇಪ್ ಮೊದಲು 90 ಎನ್ನುತ್ತಿತ್ತು, 2017ರಲ್ಲಿ ಬಂದ 0.92 ಆವೃತ್ತಿಯಿಂದ 96ಕ್ಕೆ ಬದಲಾಯಿತು. ಬರೆದವರ ಎಣಿಕೆಯೂ ಓದುವವರ ಎಣಿಕೆಯೂ ಬೇರೆಯಾದರೆ ಏನಾಗುತ್ತದೆ ಎಂಬುದು ಸರಳ ಗಣಿತ: 72ರ ಲೆಕ್ಕದಲ್ಲಿ ಬರೆದ 300 ಮಿಲಿಮೀಟರ್ ಉದ್ದದ ಫಲಕವನ್ನು 96ರ ಲೆಕ್ಕದಲ್ಲಿ ಓದಿದರೆ ಅದು 225 ಮಿಲಿಮೀಟರ್ ಆಗುತ್ತದೆ, ತಿರುವುಮುರುವಾದರೆ 400 ಆಗುತ್ತದೆ, ಹಳೆಯ 90ರ ಚಿತ್ರವನ್ನು 96ರಲ್ಲಿ ಓದಿದರೆ 281.25. ಮೊದಲಿನ ಎರಡು ತಪ್ಪುಗಳು ಕಣ್ಣಿಗೆ ಹೊಡೆಯುವಂತಿರುತ್ತವೆ. ಕೊನೆಯದು ಅಪಾಯಕಾರಿ, ಏಕೆಂದರೆ ಶೇಕಡಾ 6ರಷ್ಟು ಕುಗ್ಗಿದ ಚಿತ್ರವನ್ನು ಪರದೆಯ ಮೇಲೆ ನೋಡಿ ಯಾರೂ ಹಿಡಿಯಲಾರರು. ಪೆಟ್ಟಿಗೆಯ ಮುಚ್ಚಳ ಪೆಟ್ಟಿಗೆಗೆ ಕೂರದಿದ್ದಾಗಲೇ ಅದು ತಿಳಿಯುವುದು.

ಅಳತೆ ತಪ್ಪಿದರೆ ಹಿಗ್ಗಿಸಿದರಾಯಿತು, ಕುಗ್ಗಿಸಿದರಾಯಿತು ಎಂದುಕೊಳ್ಳುವವರಿಗೆ ನನ್ನ ಒಂದು ಹಲಗೆಯ ಕಥೆಯನ್ನು ಹೇಳಬೇಕು. ವಿ ಆಕಾರದ ಬಿಟ್‌ನಿಂದ ಮಾಡುವ ಕೆತ್ತನೆಯಲ್ಲಿ ಆಳವನ್ನು ನಾವು ಕೊಡುವುದಿಲ್ಲ, ಗೆರೆಗಳ ನಡುವಿನ ಅಗಲವೇ ಆಳವನ್ನು ನಿರ್ಧರಿಸುತ್ತದೆ. 60 ಡಿಗ್ರಿಯ ಬಿಟ್‌ನಲ್ಲಿ 12 ಮಿಲಿಮೀಟರ್ ಅಗಲದ ಅಕ್ಷರದ ಕಾಲಿಗೆ ಸುಮಾರು 10.4 ಮಿಲಿಮೀಟರ್ ಆಳ ಬೇಕು. 90 ಡಿಗ್ರಿಯ ಬಿಟ್‌ನಲ್ಲಿ 6 ಮಿಲಿಮೀಟರ್ ಸಾಕು. ನಾನು ಇಟ್ಟಿದ್ದ ಹಲಗೆಯ ದಪ್ಪ 12 ಮಿಲಿಮೀಟರ್, ಬಿಟ್ 60 ಡಿಗ್ರಿಯದು. ಪರಿಚಿತರೊಬ್ಬರು ಕಳುಹಿಸಿದ ಚಿತ್ರ 300ರ ಬದಲು 400 ಆಗಿ ಬಂದಿತ್ತು, ಹಲಗೆ ದೊಡ್ಡದಿದ್ದುದರಿಂದ ನಾನು ಗಮನಿಸಲಿಲ್ಲ. ಅಗಲ 16 ಆಯಿತು, ಆಳ 13.9ಕ್ಕೆ ಇಳಿಯಿತು, ಬಿಟ್‌ನ ಮೊನೆ ಹಲಗೆಯನ್ನು ದಾಟಿ ಕೆಳಗಿನ ಮೇಜಿನ ಮೇಲೆ ನನ್ನ ಪರಿಚಿತರ ಸಂದೇಶವನ್ನು ಸ್ಪಷ್ಟವಾಗಿ ಬರೆಯಿತು. ತಪ್ಪು ಸಂಪೂರ್ಣವಾಗಿ ನನ್ನದು. ವಿ-ಕಾರ್ವ್ ಮುನ್ನೋಟದಲ್ಲಿ ಆ ತೂತುಗಳನ್ನು ತೋರಿಸಿಯೇ ಇತ್ತು, ನಾನು ಅವನ್ನು ನೆರಳು ಎಂದುಕೊಂಡಿದ್ದೆ. ಅಂದಿನಿಂದ ನಾನು ಬರೆಯುವ, ಬರೆಸುವ ಎಲ್ಲ ಚಿತ್ರಗಳ ಮೂಲೆಯಲ್ಲಿ ನಿಖರವಾಗಿ 100 ಮಿಲಿಮೀಟರಿನ ಒಂದು ಚೌಕ ಇರುತ್ತದೆ. ಇಂಪೋರ್ಟ್ ಆದ ಕೂಡಲೇ ಆ ಚೌಕವನ್ನು ಆರಿಸಿ ಅದರ ಅಳತೆಯನ್ನು ಓದುತ್ತೇನೆ, ವ್ಯತ್ಯಾಸವಿದ್ದರೆ ಇಡೀ ಚಿತ್ರವನ್ನು ಅದೇ ಪ್ರಮಾಣದಲ್ಲಿ ಸರಿಪಡಿಸುತ್ತೇನೆ, ಆಮೇಲೆ ಚೌಕವನ್ನು ಅಳಿಸುತ್ತೇನೆ. ಎಫ್9 ಒತ್ತಿ ಚಿತ್ರವನ್ನು ಹಲಗೆಯ ನಡುವಿಗೆ ತರುವುದು ಅದಾದ ಮೇಲೆ.

ಡಿಎಕ್ಸ್‌ಎಫ್ ಕಡತಗಳ ತೊಂದರೆ ಬೇರೆ ಬಗೆಯದು. ಆಟೋಡೆಸ್ಕ್ ಸಂಸ್ಥೆ 1982ರಲ್ಲಿ ಆಟೋಕ್ಯಾಡ್ ಜೊತೆಗೆ ಹೊರತಂದ ಈ ಮಾದರಿ ತಾಂತ್ರಿಕ ನಕ್ಷೆಗಳಿಗಾಗಿ ಹುಟ್ಟಿದ್ದು. ಅದರಲ್ಲಿರುವ ಅಂಕಿಗಳು ಬರಿಯ ಅಂಕಿಗಳು, ಅವು ಇಂಚೋ ಮಿಲಿಮೀಟರೋ ಎಂಬುದನ್ನು ಕಡತ ಹೇಳಲೂಬಹುದು, ಹೇಳದಿರಲೂಬಹುದು. ಹೇಳದಿದ್ದಾಗ 25.4 ಎಂಬ ಗುಣಕ ಬಂದು ಬಡಿಯುತ್ತದೆ: ಚಿತ್ರ ಪರದೆಯಿಂದಾಚೆ ಎಲ್ಲೋ ಹಬ್ಬಿಕೊಂಡಿರುತ್ತದೆ, ಇಲ್ಲವೇ ಚುಕ್ಕೆಯಾಗಿ ಒಂದು ಮೂಲೆಯಲ್ಲಿ ಕೂತಿರುತ್ತದೆ. ಆದರೆ ಇಷ್ಟು ದೊಡ್ಡ ತಪ್ಪು ಯಾರಿಗಾದರೂ ಕಾಣುವುದರಿಂದ ಅದು ಹಲಗೆಯನ್ನು ಕೆಡಿಸುವುದಿಲ್ಲ, ತಾಳ್ಮೆಯನ್ನು ಮಾತ್ರ ಕೆಡಿಸುತ್ತದೆ.

ಡಿಎಕ್ಸ್‌ಎಫ್‌ನ ನಿಜವಾದ ಪಿಡುಗು ಎಂದರೆ ತುಂಡುಗಳು. ಸಿದ್ಧ ವಿನ್ಯಾಸಗಳನ್ನು ಮಾರುವ ಒಂದು ಕಡೆಯಿಂದ ನಾನು ಹಣ ಕೊಟ್ಟು ತಂದ ನವಿಲಿನ ಚಿತ್ರವೊಂದು ನೋಡಲು ಅಂದವಾಗಿತ್ತು. ವಿ-ಕಾರ್ವ್‌ಗೆ ತಂದು ‘ತೆರೆದ ಗೆರೆಗಳನ್ನೆಲ್ಲ ಆರಿಸು’ ಎಂಬ ಆಜ್ಞೆ ಕೊಟ್ಟಾಗ ನವಿಲಿಗೆ ನವಿಲೇ ಗುಲಾಬಿ ಬಣ್ಣಕ್ಕೆ ತಿರುಗಿತು, ಎಂದರೆ ಇಡೀ ಚಿತ್ರ ತೆರೆದ ಗೆರೆಗಳದ್ದೇ ಆಗಿತ್ತು. ಒಂದು ಗರಿಯ ಸುತ್ತಲಿನ ಗೆರೆ ಹತ್ತಾರು ಚಿಕ್ಕ ಗೆರೆಗಳ ಸಾಲಾಗಿತ್ತು. ಒಂದರ ತುದಿ ಇನ್ನೊಂದರ ತುದಿಯನ್ನು ಮುಟ್ಟುವಂತೆ ಕಂಡರೂ ಮುಟ್ಟಿರಲಿಲ್ಲ. ಆಕೃತಿಯ ಒಳಭಾಗವನ್ನು ತೋಡುವ ಪಾಕೆಟ್ ಕೆತ್ತನೆಗೂ ವಿ ಕೆತ್ತನೆಗೂ ಮುಚ್ಚಿದ ಆಕೃತಿ ಬೇಕು; ಒಳಗು ಯಾವುದು, ಹೊರಗು ಯಾವುದು ಎಂದು ತಿಳಿಯದೆ ತಂತ್ರಾಂಶ ಮರವನ್ನು ತೆಗೆಯುವುದಾದರೂ ಎಲ್ಲಿಂದ? ಇಂಥಲ್ಲಿ ವಿ-ಕಾರ್ವ್‌ನ ‘ಜಾಯಿನ್ ಓಪನ್ ವೆಕ್ಟರ್ಸ್’ ಉಪಕರಣಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಎಷ್ಟು ಅಂತರದವರೆಗಿನ ತುದಿಗಳನ್ನು ಜೋಡಿಸಬೇಕು ಎಂಬ ಒಂದು ಅಂಕಿಯನ್ನು ಅದು ಕೇಳುತ್ತದೆ, ಜೋಡಿಸಿದರೆ ಎಷ್ಟು ಮುಚ್ಚಿದ ಆಕೃತಿಗಳು ದೊರೆಯುತ್ತವೆ, ಎಷ್ಟು ತೆರೆದೇ ಉಳಿಯುತ್ತವೆ ಎಂಬುದನ್ನು ಮೊದಲೇ ತೋರಿಸುತ್ತದೆ. ಆ ಅಂಕಿಯನ್ನು ಚಿಕ್ಕದಾಗಿ ಆರಂಭಿಸಿ ಸ್ವಲ್ಪಸ್ವಲ್ಪವೇ ಏರಿಸಬೇಕು. ಒಮ್ಮೆಲೇ ದೊಡ್ಡ ಅಂಕಿ ಕೊಟ್ಟರೆ ಒಂದು ಗರಿಯ ತುದಿ ಪಕ್ಕದ ಗರಿಯ ಬುಡಕ್ಕೆ ಗಂಟು ಬೀಳುತ್ತದೆ. ನನ್ನ ನವಿಲಿಗೆ ಹಾಗೆ ಒಮ್ಮೆ ಕಾಲೂ ಕೊಕ್ಕೂ ಕೂಡಿಕೊಂಡಿದ್ದವು.

ಈ ತುಂಡುಗಳ ಮೂಲ ಬಹುಮಟ್ಟಿಗೆ ಎಕ್ಸ್‌ಪೋರ್ಟ್ ಮಾಡುವವರ ಆಯ್ಕೆಯಲ್ಲಿದೆ. ಡಿಎಕ್ಸ್‌ಎಫ್‌ನ ಆರ್12 ಎಂಬ ಹಳೆಯ ರೂಪದಲ್ಲಿ ಸ್ಪ್ಲೈನ್ ಎಂಬ ನಯವಾದ ವಕ್ರರೇಖೆಯೇ ಇಲ್ಲ. ಅದು ಬಂದದ್ದು ಆರ್13ರಲ್ಲಿ. ಹಾಗಾಗಿ ಆರ್12 ಎಂದು ಆರಿಸಿದರೆ ಚಿತ್ರ ತಂತ್ರಾಂಶಗಳು ಬಳಸುವ ಬೆಜಿಯರ್ ಎಂಬ ನಯವಾದ ವಕ್ರಗಳೆಲ್ಲ ಚಿಕ್ಕ ಚಿಕ್ಕ ನೇರ ಗೆರೆಗಳಾಗಿ ಒಡೆಯುತ್ತವೆ. ನನ್ನ ಅಭಿಪ್ರಾಯದಲ್ಲಿ ಚಿತ್ರಕಲೆಯ ತಂತ್ರಾಂಶದಿಂದ ಬರುವ ಅಲಂಕಾರಿಕ ವಿನ್ಯಾಸಕ್ಕೆ ಡಿಎಕ್ಸ್‌ಎಫ್ ಬೇಡವೇ ಬೇಡ. ಎಸ್‌ವಿಜಿ ಅಥವಾ ಪಿಡಿಎಫ್ ವಕ್ರಗಳನ್ನು ವಕ್ರಗಳಾಗಿಯೇ ಹೊತ್ತು ತರುತ್ತವೆ. ಪಿಡಿಎಫ್‌ಗೂ ಇಪಿಎಸ್‌ಗೂ ಇನ್ನೊಂದು ಅನುಕೂಲವಿದೆ: ಒಂದು ಇಂಚಿಗೆ 72 ಪಾಯಿಂಟ್ ಎಂಬುದು ಅವುಗಳಲ್ಲಿ ಮೊದಲಿನಿಂದ ನಿಂತ ಲೆಕ್ಕವಾದ್ದರಿಂದ ಅಳತೆಯ ಜಗಳ ಕಡಿಮೆ. ನಿಖರವಾದ ತೂತುಗಳು, ಕೂಡುಗಳು ಇರುವ ಪೀಠೋಪಕರಣದ ಭಾಗಗಳಿಗೆ ಡಿಎಕ್ಸ್‌ಎಫ್ ಇರಲಿ, ಅದು ಅದರ ಊರು.

ತೆರೆದ ಗೆರೆ ಕಾಣುವ ರೋಗವಾದರೆ ಒಂದರ ಮೇಲೊಂದು ಕೂತ ಜೋಡಿ ಗೆರೆ ಕಾಣದ ರೋಗ. ಚಿತ್ರಕಾರರು ಒಂದು ಆಕೃತಿಗೆ ತುಂಬುಬಣ್ಣವನ್ನೂ ಅದೇ ಆಕೃತಿಯ ಪ್ರತಿಗೆ ಅಂಚುಬಣ್ಣವನ್ನೂ ಕೊಟ್ಟಿದ್ದರೆ, ಇಲ್ಲಿ ಒಂದೇ ಜಾಗದಲ್ಲಿ ಎರಡು ಗೆರೆಗಳು ಬಂದಿರುತ್ತವೆ. ಅಂಚು ಕತ್ತರಿಸುವ ಕೆಲಸದಲ್ಲಿ ಬಿಟ್ ಎರಡು ಸಲ ಅದೇ ದಾರಿಯಲ್ಲಿ ಸುತ್ತುತ್ತದೆ, ಸಮಯ ಹೋಗುತ್ತದೆ, ಅಷ್ಟೇ. ಆದರೆ ಪಾಕೆಟ್ ಮತ್ತು ವಿ ಕೆತ್ತನೆಗಳಲ್ಲಿ ಒಳಗು-ಹೊರಗುಗಳ ಲೆಕ್ಕ ಗೆರೆಗಳ ಎಣಿಕೆಯ ಮೇಲೆಯೇ ನಿಂತಿರುವುದರಿಂದ ಜೋಡಿ ಗೆರೆಯೊಂದು ಇಡೀ ಕೆತ್ತನೆಯನ್ನು ತಲೆಕೆಳಗು ಮಾಡಬಹುದು. ಎಡಿಟ್ ಪಟ್ಟಿಯಲ್ಲಿ ಪ್ರತಿಗಳನ್ನು ಆರಿಸುವ ಆಜ್ಞೆ ಇದೆ. ಜೊತೆಗೆ ‘ವೆಕ್ಟರ್ ವ್ಯಾಲಿಡೇಟರ್’ ಎಂಬ ಉಪಕರಣ ಒಂದರ ಮೇಲೊಂದು ಬಿದ್ದ ಗೆರೆಗಳನ್ನೂ ತನ್ನನ್ನು ತಾನೇ ದಾಟುವ ಗೆರೆಗಳನ್ನೂ ಶೂನ್ಯ ಉದ್ದದ ತುಣುಕುಗಳನ್ನೂ ಗುರುತು ಹಾಕಿ ತೋರಿಸುತ್ತದೆ. ರೋಗವನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಉಪಕರಣ, ದಾಟುವ ಗೆರೆಗಳ ಚಿಕಿತ್ಸೆಯನ್ನು ಮಾತ್ರ ನಮ್ಮ ಕೈಗೇ ಬಿಡುತ್ತದೆ: ನೋಡ್‌ಗಳನ್ನು, ಎಂದರೆ ಗೆರೆಯ ಆಕಾರವನ್ನು ಹಿಡಿದಿಡುವ ಬಿಂದುಗಳನ್ನು, ತಿದ್ದಲು ಎನ್ ಒತ್ತಿ, ಗುರುತಿರುವಲ್ಲಿಗೆ ಹೋಗಿ, ಒಂದೊಂದಾಗಿ ಬಿಡಿಸಬೇಕು. ಮೊದಮೊದಲು ಇದನ್ನು ಕೊರತೆ ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ, ಏಕೆಂದರೆ ದಾಟಿದ ಎರಡು ಗೆರೆಗಳಲ್ಲಿ ಯಾವುದು ಚಿತ್ರಕಾರರ ಉದ್ದೇಶ ಎಂಬುದನ್ನು ಊಹಿಸುವ ಅಧಿಕಾರವನ್ನು ತಂತ್ರಾಂಶಕ್ಕೆ ಕೊಡುವುದಕ್ಕಿಂತ ಹತ್ತು ನಿಮಿಷ ಕೂತು ನಾವೇ ನೋಡುವುದು ಮೇಲು.

ಅಕ್ಷರಗಳ ವಿಷಯದಲ್ಲಿ ಒತ್ತಕ್ಷರಗಳುಳ್ಳ ಲಿಪಿಯನ್ನು ಬಳಸುವವರು ಹೆಚ್ಚು ಎಚ್ಚರದಿಂದಿರಬೇಕು. ಪಠ್ಯವನ್ನು ಪಠ್ಯವಾಗಿಯೇ ಕಡತದಲ್ಲಿ ಉಳಿಸಿ ಕಳುಹಿಸಿದರೆ ಅದು ಇನ್ನೊಂದು ತಂತ್ರಾಂಶದಲ್ಲಿ ಅದೇ ಫಾಂಟ್, ಅದೇ ಜೋಡಣೆಯಲ್ಲಿ ತೆರೆದುಕೊಳ್ಳುತ್ತದೆ ಎಂಬ ಭರವಸೆ ಇಲ್ಲ; ಆದ್ದರಿಂದ ಮೂಲ ತಂತ್ರಾಂಶದಲ್ಲಿಯೇ ‘ಆಬ್ಜೆಕ್ಟ್ ಟು ಪಾತ್’ ಎಂಬ ಆಜ್ಞೆಯಿಂದ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಬೇಕು. ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ನಮ್ಮ ಲಿಪಿಯಲ್ಲಿ ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತು ಇವು ಫಾಂಟಿನೊಳಗೆ ಹಲವೊಮ್ಮೆ ಬೇರೆ ಬೇರೆ ತುಣುಕುಗಳಾಗಿದ್ದು, ಪರದೆಯ ಮೇಲೆ ಒಂದರ ಮೇಲೊಂದು ತುಸು ಏರಿಕೊಂಡು ಒಂದೇ ಅಕ್ಷರದಂತೆ ಕಾಣುತ್ತವೆ. ಕಪ್ಪು ಶಾಯಿಗೆ ಇದರಿಂದ ತೊಂದರೆ ಇಲ್ಲ, ಕಪ್ಪಿನ ಮೇಲೆ ಕಪ್ಪು ಬಿದ್ದರೆ ಕಪ್ಪೇ. ವಿ ಬಿಟ್‌ಗೆ ಮಾತ್ರ ಆ ಏರಿದ ಭಾಗ ಬೇರೆಯೇ ಒಂದು ಆಕೃತಿ. ತಲೆಕಟ್ಟು ಅಕ್ಷರಕ್ಕೆ ಸೇರುವಲ್ಲಿ ಒಂದು ಚಿಕ್ಕ ದಿಬ್ಬವನ್ನೋ ಹಳ್ಳವನ್ನೋ ಬಿಟ್ಟು ಮುಂದೆ ಹೋಗುತ್ತದೆ. ಅಕ್ಷರಕ್ಕೆ ಸೇರಿದ ತುಣುಕುಗಳನ್ನು ಆರಿಸಿ ‘ವೆಲ್ಡ್’ ಮಾಡಿದರೆ ಸಮಸ್ಯೆ ತೀರುತ್ತದೆ, ಮತ್ತು ವಿ-ಕಾರ್ವ್‌ನ ವೆಲ್ಡ್ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಬೆಸೆಯುವಾಗ ಅಕ್ಷರದ ಒಳಗಣ್ಣು, ಎಂದರೆ ಒಳಗಿನ ಖಾಲಿ ಜಾಗ, ಹಾಗೆಯೇ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಫೋಟೋದಿಂದಲೋ ಸ್ಕ್ಯಾನ್ ಮಾಡಿದ ಕಾಗದದಿಂದಲೋ ಗೆರೆ ತೆಗೆಯುವ ಸೌಲಭ್ಯ ಇಂಕ್‌ಸ್ಕೇಪ್‌ನಲ್ಲಿಯೂ ಇದೆ, ವಿ-ಕಾರ್ವ್‌ನ ಒಳಗೂ ಇದೆ. ಎರಡರಲ್ಲಿಯೂ ಬರುವ ಗೆರೆ ಸೊಟ್ಟಸೊಟ್ಟಾಗಿ, ಬೇಕಾದುದಕ್ಕಿಂತ ಹಲವು ಪಟ್ಟು ನೋಡ್‌ಗಳನ್ನು ಹೊತ್ತಿರುತ್ತದೆ. ನೋಡ್ ಹೆಚ್ಚಾದರೆ ಏನು ನಷ್ಟ ಎಂಬ ಪ್ರಶ್ನೆಗೆ ಉತ್ತರ ಯಂತ್ರದ ಬಳಿ ಇದೆ. ಬೆಜಿಯರ್ ವಕ್ರವನ್ನು ಸಾಮಾನ್ಯ ಯಂತ್ರಗಳು ನೇರವಾಗಿ ಓದುವುದಿಲ್ಲ. ಯಂತ್ರ ಓದುವ ಆಜ್ಞೆಗಳ ಭಾಷೆಯಾದ ಜಿ-ಕೋಡ್‌ನಲ್ಲಿ ಅದು ಜಿ1 ಎಂಬ ನೇರ ಚಲನೆ, ಜಿ2 ಮತ್ತು ಜಿ3 ಎಂಬ ಕಮಾನುಗಳಾಗಿ ಒಡೆದು ಹೋಗುತ್ತದೆ. ಜಿಆರ್‌ಬಿಎಲ್ ಎಂಬ ನಿಯಂತ್ರಣ ತಂತ್ರಾಂಶ ನಡೆಸುವ ಚಿಕ್ಕ ಯಂತ್ರಗಳ ನಿಯಂತ್ರಕದಲ್ಲಿ ಮುಂದಿನ ಕೆಲವೇ ಚಲನೆಗಳನ್ನು ನೋಡುವಷ್ಟು ಜಾಗವಿರುತ್ತದೆ. ಕೂದಲೆಳೆಯಷ್ಟು ಉದ್ದದ ಸಾವಿರಾರು ಚಲನೆಗಳು ಬಂದರೆ ಅದು ವೇಗ ಹಿಡಿಯಲಾರದೆ ತಡವರಿಸುತ್ತದೆ, ಬಿಟ್ ಒಂದೆಡೆ ಹೆಚ್ಚು ಹೊತ್ತು ನಿಂತು ಮರ ಕಂದುತ್ತದೆ. ‘ಫಿಟ್ ಕರ್ವ್ಸ್ ಟು ವೆಕ್ಟರ್ಸ್’ ಎಂಬ ಉಪಕರಣ ಇಂಥ ಗೆರೆಯನ್ನು ಕಮಾನುಗಳಾಗಿಯೋ ಬೆಜಿಯರ್ ವಕ್ರಗಳಾಗಿಯೋ ಮತ್ತೆ ಕಟ್ಟಿಕೊಡುತ್ತದೆ. ಎಷ್ಟು ವಿಚಲನೆಯನ್ನು ಒಪ್ಪಬಹುದು ಎಂಬ ಅಂಕಿ ಅಲ್ಲಿಯೂ ನಮ್ಮದೇ. ಎಲೆ, ಬಳ್ಳಿ, ಮೋಡಗಳಿಗೆ ಇದು ವರ. ಚೂಪಾದ ಮೂಲೆಗಳಿರುವ ವಿನ್ಯಾಸಕ್ಕೆ ಬಳಸಿದರೆ ಮೂಲೆಗಳು ಮೊಂಡಾಗುವ ಸಂಭವವಿದೆ.

ಗೆರೆಗಳು ಒಮ್ಮೆ ಶುದ್ಧವಾದ ಮೇಲೆ ವಿ-ಕಾರ್ವ್‌ನಲ್ಲಿ ಕೆಲಸ ಸರಾಗ. ಪಾಕೆಟ್‌ಗೆ ಬೇಕಾದ ಗೆರೆಗಳನ್ನು ಒಂದು ಲೇಯರ್‌ಗೂ ಅಂಚು ಕತ್ತರಿಸುವ ಗೆರೆಗಳನ್ನು ಇನ್ನೊಂದು ಲೇಯರ್‌ಗೂ ಹಾಕಿಕೊಂಡರೆ, ಟೂಲ್‌ಪಾತ್‌ಗೆ ಆ ಲೇಯರನ್ನೇ ಹೊಂದಿಸಿಡಬಹುದು. ಚಿತ್ರ ಬದಲಾದರೂ ಮತ್ತೆ ಒಂದೊಂದು ಗೆರೆಯನ್ನು ಹುಡುಕಿ ಒತ್ತುವ ಕಷ್ಟ ತಪ್ಪುತ್ತದೆ. ಮೂಲ ಕಡತವನ್ನು ಚಿತ್ರಕಾರರು ತಿದ್ದಿದರೆ ಹೊಸ ಕಡತವನ್ನು ಮತ್ತೆ ಇಂಪೋರ್ಟ್ ಮಾಡಿ, ಮೇಲೆ ಹೇಳಿದ ಶುದ್ಧಿಯನ್ನೆಲ್ಲ ಮತ್ತೆ ಮಾಡಬೇಕಾಗುವುದರಿಂದ, ತಿದ್ದುಪಡಿಗಳೆಲ್ಲ ಮುಗಿದ ಮೇಲೆಯೇ ಚಿತ್ರವನ್ನು ಕೈಗೆ ತೆಗೆದುಕೊಳ್ಳುವುದು ಜಾಣತನ.

ಈಸೆಲ್, ಕಾರ್ಬೈಡ್ ಕ್ರಿಯೇಟ್ ಮುಂತಾದ ಹಗುರ ತಂತ್ರಾಂಶಗಳೂ ಎಸ್‌ವಿಜಿ ಮತ್ತು ಡಿಎಕ್ಸ್‌ಎಫ್ ಓದುತ್ತವೆ. ಚಿತ್ರ ಶುದ್ಧವಾಗಿದ್ದರೆ ಅವುಗಳಲ್ಲಿಯೂ ಕೆಲಸ ಚೆನ್ನಾಗಿಯೇ ಆಗುತ್ತದೆ. ವಿ-ಕಾರ್ವ್‌ನ ಹಿರಿಮೆ ಇರುವುದು ಚಿತ್ರ ಶುದ್ಧವಾಗಿಲ್ಲದಾಗ. ತನ್ನ ಚಿತ್ರಗಳನ್ನು ತಾನೇ ಇಂಕ್‌ಸ್ಕೇಪ್‌ನಲ್ಲಿ ಅಚ್ಚುಕಟ್ಟಾಗಿ ಬರೆದುಕೊಳ್ಳುವವರಿಗೆ ಈ ದುರಸ್ತಿ ಉಪಕರಣಗಳಿಗಾಗಿಯೇ ಇದನ್ನು ಕೊಳ್ಳುವ ಅಗತ್ಯವಿಲ್ಲ. ಬೇರೆಯವರು ಕಳುಹಿಸುವ ಕಡತಗಳನ್ನು ಕೆತ್ತಿಕೊಡುವವರು ಮಾತ್ರ ಮೊದಲ ತಿಂಗಳಲ್ಲಿಯೇ ಇದರ ಬೆಲೆಯನ್ನು ಬಲ್ಲರು. ಕೊಳ್ಳುವ ಮುನ್ನ ಪ್ರಯೋಗದ ಆವೃತ್ತಿಯನ್ನು ಇಳಿಸಿಕೊಂಡು, ತಮ್ಮಲ್ಲಿರುವ ಅತ್ಯಂತ ಕೆಟ್ಟ ಕಡತವನ್ನು ಅದಕ್ಕೆ ಕೊಟ್ಟು ನೋಡಬೇಕು. ನಮ್ಮದೇ ಚಿತ್ರದ ಟೂಲ್‌ಪಾತನ್ನು ಯಂತ್ರಕ್ಕಾಗಿ ಉಳಿಸಲು ಆ ಆವೃತ್ತಿ ಬಿಡುವುದಿಲ್ಲವಾದರೂ, ಇಂಪೋರ್ಟ್ ಮಾಡಿ ಗೆರೆಗಳನ್ನು ಜೋಡಿಸಿ ಮುನ್ನೋಟವನ್ನು ನೋಡುವವರೆಗೆ ಅಡ್ಡಿಯಿಲ್ಲ. ನನ್ನ ನವಿಲನ್ನು ನಾನು ಮೊದಲು ಹಾಗೆಯೇ ಕೊಟ್ಟು ನೋಡಿದ್ದು. ಗರಿಗಳೆಲ್ಲ ಮುಚ್ಚಿದ ಮೇಲೆಯೇ ಕೊಳ್ಳಲು ಮನಸ್ಸು ಮಾಡಿದೆ.